ಕಾರ್ಖಾನೆ ಮುಚ್ಚಿತು, ಗಾಡಿ ನಿಲ್ಲಲಿಲ್ಲ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ಅದರ ಯೆಜ್ಡಿ ಬೈಕುಗಳಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಕಂಪನಿ ಇಲ್ಲ, ಡೀಲರ್ ಇಲ್ಲ, ಫ್ರೀ ಸರ್ವಿಸ್ ಕೂಪನ್ ಇಲ್ಲ, ದೂರು ಹೇಳಿಕೊಳ್ಳೋಣವೆಂದರೆ ಕಸ್ಟಮರ್ ಕೇರ್ ನಂಬರೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೋ, ಅಲ್ಲಿಂದ ಜಕ್ಕನಹಳ್ಳಿ ದಾಟಿ ಮೇಲುಕೋಟೆಗೋ ಹೊರಟರೆ, ಎರಡು ಸೈಲೆನ್ಸರಿನ ಆ ಸದ್ದು ಇವತ್ತಿಗೂ ಕಿವಿಗೆ ಬೀಳುತ್ತದೆ. ನಾಗಮಂಗಲದಲ್ಲಿ, ಕೆ.ಆರ್. ಪೇಟೆಯಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಇನ್ನೂ ಇವೆ.

ನಮ್ಮ ಮನೆಯಲ್ಲಿ ಎರಡು ಗಾಡಿಗಳಿವೆ. ಒಂದು ಅಪ್ಪ ಎಂಬತ್ತರ ದಶಕದಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಇನ್ನೊಂದು ನಾನು ಈಚೆಗೆ ಕೊಂಡ ಟೂರಿಂಗ್ ಬೈಕ್. ಹೊಲಕ್ಕೆ, ಆಫೀಸಿಗೆ, ಸಂತೆಗೆ ಬೇಕಾಗಿ ತಂದದ್ದಲ್ಲ, ಊರೂರು ಸುತ್ತುವ ಆಸೆಗಾಗಿಯೇ ತಂದದ್ದು. ಇದರ ಕಂಪನಿ ಬದುಕಿದೆ, ಚೆನ್ನಾಗಿಯೇ ಬದುಕಿದೆ. ದಿನವೂ ಜಾಹೀರಾತು ಬರುತ್ತದೆ. ಆದರೆ ಹಳೆಯ ಗಾಡಿ ಕೆಟ್ಟರೆ ಸಂಜೆಯೊಳಗೆ ಮನೆಗೆ ಬರುತ್ತದೆ, ಹೊಸದು ಕೆಟ್ಟರೆ ವಾರಗಟ್ಟಲೆ ಬರುವುದಿಲ್ಲ. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದಾಗ ನನಗೆ ಗಟ್ಟಿಯಾದ ನಂಬಿಕೆ ಒಂದೇ: ಗಾಡಿಯ ಗುಣಮಟ್ಟ ಶೋರೂಮಿನ ಗಾಜಿನ ಹಿಂದೆ ಗೊತ್ತಾಗುವುದಲ್ಲ. ಹತ್ತು ವರ್ಷದ ನಂತರ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಅದನ್ನು ರಿಪೇರಿ ಮಾಡಲು ಆಗುತ್ತದೆಯೋ ಇಲ್ಲವೋ ಎಂಬುದೇ ಅದರ ನಿಜವಾದ ಪರೀಕ್ಷೆ.

ಜಾವಾ ಹುಟ್ಟಿದ್ದು ಅಂದಿನ ಜೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ, ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯ ಕೈಯಲ್ಲಿ. ಅದನ್ನು ಮೈಸೂರಿಗೆ ತಂದವರು ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿ. ಅವರ ಉದ್ಯಮಕ್ಕೆ ಜಯಚಾಮರಾಜ ಒಡೆಯರ್ ಅವರ ಬೆಂಬಲ ಸಿಕ್ಕಿತು. ಕಂಪನಿ 1960ರಲ್ಲಿ ಸ್ಥಾಪನೆಯಾಗಿ, 1961ರಿಂದ ಯಾದವಗಿರಿಯಲ್ಲಿ ಗಾಡಿಗಳು ತಯಾರಾಗತೊಡಗಿದವು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ನಮ್ಮ ಸೀಮೆಯವರಿಗೆ ಇದು ಎಲ್ಲೋ ದೂರದ ಕಂಪನಿಯ ಗಾಡಿಯಾಗಿರಲಿಲ್ಲ. ಶ್ರೀರಂಗಪಟ್ಟಣದಿಂದ ಯಾದವಗಿರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ. ಕಾರ್ಖಾನೆಯ ಕೆಲಸಗಾರರು ಸುತ್ತಲಿನ ಬಡಾವಣೆಗಳಲ್ಲಿ, ಹಳ್ಳಿಗಳಲ್ಲಿ ಇದ್ದವರು. ಗಾಡಿ ಮಾಡುವ ಕೈಗೂ ಓಡಿಸುವ ಕೈಗೂ ನಡುವೆ ಅಂತರ ಕಡಿಮೆ ಇತ್ತು. ಈ ಭಾಗದಲ್ಲಿ ಯೆಜ್ಡಿ ಬಲ್ಲ ಮೆಕ್ಯಾನಿಕ್‌ಗಳು ಇಷ್ಟೊಂದು ಉಳಿದಿರುವುದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಅಂದಾಜು.

ಇನ್ನೊಂದು ಕಾರಣ ಆ ಎಂಜಿನಿನಲ್ಲೇ ಇದೆ. ಅದು ಟೂ-ಸ್ಟ್ರೋಕ್. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕೊರೆದಿರುವ ಕಿಂಡಿಗಳನ್ನು ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ತಾನೇ ಮುಚ್ಚುತ್ತದೆ, ತಾನೇ ತೆರೆಯುತ್ತದೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್: ಎಂಜಿನ್ನಿನ ಮುಖ್ಯ ಕೆಲಸವೆಲ್ಲ ಈ ಮೂರರದೇ. ಹಳೇ ಜಾವಾದ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ.; ಈ ಅಳತೆಗಳನ್ನು ಪುಸ್ತಕ ನೋಡದೆ ಹೇಳುವ ಮೆಕ್ಯಾನಿಕ್‌ಗಳನ್ನು ನಾನು ಕಂಡಿದ್ದೇನೆ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ. ಗೇರ್ ಬದಲಾಯಿಸಲು ಲಿವರ್ ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ. ಕ್ಲಚ್ ಕೇಬಲ್ ತುಂಡಾದರೂ ಗಾಡಿಯನ್ನು ಮನೆ ಮುಟ್ಟಿಸಬಹುದು. ಚೈನಿಗೆ ಪೂರ್ತಿ ಮುಚ್ಚಿಗೆ. ಕಬ್ಬಿನ ಗದ್ದೆಯ ನಡುವಿನ ಕೆಸರಿನಲ್ಲಿ, ವಿ.ಸಿ. ನಾಲೆಯ ಏರಿಯ ಧೂಳಿನಲ್ಲಿ ಓಡಿಸುವವರಿಗೆ ಅದರ ಬೆಲೆ ಗೊತ್ತು.

ಅಪ್ಪನ ಗಾಡಿ ಜೋರು ಬಿಸಿಲಲ್ಲಿ ಚಿನಕುರಳಿ ದಾಟಿ ಕೆ.ಆರ್. ಪೇಟೆ ದಾರಿಯಲ್ಲಿ ಒಮ್ಮೆ ನಿಂತಿತು. ಮರದ ನೆರಳಿಗೆ ತಳ್ಳಿ, ಟೂಲ್‌ಬಾಕ್ಸ್ ತೆಗೆದು, ಪ್ಲಗ್ ಬಿಚ್ಚಿ ನೋಡಿದರೆ ಮಸಿ ಕಟ್ಟಿತ್ತು. ಉಪ್ಪುಕಾಗದದಲ್ಲಿ ಉಜ್ಜಿದ್ದಾಯಿತು. ಕಿಡಿ ಬಂತು, ಆದರೆ ಮಂಕು. ಆಗ ಮ್ಯಾಗ್ನೆಟ್ ಮುಚ್ಚಳ ತೆಗೆದು ಪಾಯಿಂಟ್ ನೋಡಿದರೆ ಅಲ್ಲಿತ್ತು ರೋಗ: 0.4 ಮಿ.ಮೀ. ಇರಬೇಕಾದ ಸಂದು ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತು. ಸರಿಪಡಿಸಿ ಕಿಕ್ ಹೊಡೆದರೆ ಗಾಡಿ ಎದ್ದಿತು. ನನಗೆ ಇಂಜಿನಿಯರಿಂಗ್ ಗೊತ್ತಿಲ್ಲ. ಅಪ್ಪ ಮಾಡುತ್ತಿದ್ದುದನ್ನು ನೋಡಿ ಕಲಿತದ್ದು, ಅಪ್ಪ ಗಾಡಿಯ ಜೊತೆ ಬಂದ ಕೈಪಿಡಿ ನೋಡಿ ಕಲಿತದ್ದು. ಪಾಯಿಂಟ್ ಹೊಂದಿಸುವುದು ಹೇಗೆ, ಮಸಿ ತೆಗೆಯುವುದು ಹೇಗೆ ಎಂದು ಮಾಲೀಕನಿಗೇ ಹೇಳಿಕೊಡುವ ಕೈಪಿಡಿ ಅದು. ಮಾಲೀಕ ಗಾಡಿಯನ್ನು ಬಿಚ್ಚುತ್ತಾನೆ ಎಂದು ನಂಬಿ ಮಾಡಿದ ಗಾಡಿಯೂ ಅದು.

ಅದರ ಹುಳುಕುಗಳನ್ನು ಮುಚ್ಚಿಡುವುದು ಸರಿಯಲ್ಲ. ಮೈಲೇಜು ಕಡಿಮೆ. ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಮಿ.ಲೀ. ಆಯಿಲ್ ಬೆರೆಸಬೇಕು, ಬೆರೆಸಿದ್ದು ಹೊಗೆಯಾಗಿ ಹಿಂದೆ ಬರುವವರ ಮುಖಕ್ಕೆ ಹೋಗುತ್ತದೆ. ಬೆರೆಸಲು ಮರೆತರೆ ಪಿಸ್ಟನ್ ಸೀಝ್. ಬ್ರೇಕನ್ನು ನಂಬುವಂತಿಲ್ಲ. 1985ರ ಸುಮಾರಿಗೆ ಜಪಾನಿ ಸಹಯೋಗದ 100 ಸಿಸಿ ಗಾಡಿಗಳು ಬಂದು, ಕಡಿಮೆ ಪೆಟ್ರೋಲಿನಲ್ಲಿ, ಕಡಿಮೆ ತಂಟೆಯಲ್ಲಿ ಓಡಿ ತೋರಿಸಿದಾಗ ಜನ ಅತ್ತ ತಿರುಗಿದ್ದು ನ್ಯಾಯವೇ. ಬಳಿಕ ಹೊಗೆಯ ನಿಯಮಗಳು ಬಿಗಿಯಾದವು. ಯೆಜ್ಡಿಗೆ ಆ ಪೈಪೋಟಿ ತಡೆಯಲಾಗಲಿಲ್ಲ. ಇವತ್ತಿನ ಬೈಕಿನಲ್ಲಿರುವ ಎಬಿಎಸ್ ಎಷ್ಟೋ ಮನೆಗಳ ಮಕ್ಕಳ ಜೀವ ಉಳಿಸಿದೆ. ಯಾರಾದರೂ ಎಲ್ಲ ಬಿಟ್ಟು ಹಿಂದಕ್ಕೆ ಹೋಗೋಣ ಎಂದರೆ ನಾನು ಒಪ್ಪುವುದಿಲ್ಲ.

ಆದರೆ ಕಂಪನಿ ಹೋದಮೇಲೂ ಗಾಡಿ ಉಳಿದ ಬಗೆಯನ್ನು ನೋಡಬೇಕು. ಪಾಂಡವಪುರ ಕಬ್ಬಿನ ಸೀಮೆ. ಆಲೆಮನೆಯ ಗಾಣದ ರೋಲರ್, ಪಂಪ್‌ಸೆಟ್ಟಿನ ಶಾಫ್ಟ್, ಟ್ರ್ಯಾಕ್ಟರಿನ ಬುಷ್ ಇವನ್ನೆಲ್ಲ ಕಡೆಯುವ ಲೇತ್ ಅಂಗಡಿಗಳು ಇಲ್ಲಿ ಬೇಕೇ ಬೇಕು. ಅದೇ ಲೇತಿನಲ್ಲಿ ಯೆಜ್ಡಿಯ ಸಿಲಿಂಡರಿಗೆ ಬೋರಿಂಗ್ ಆಗುತ್ತದೆ, ಕನೆಕ್ಟಿಂಗ್ ರಾಡಿಗೆ ಬುಷ್ ಕೂರುತ್ತದೆ. ನಾಗಮಂಗಲಕ್ಕಂತೂ ಹಿತ್ತಾಳೆಯ ವಿಗ್ರಹ, ದೀಪಗಳ ಎರಕದ ಹಳೆಯ ಹೆಸರಿದೆ. ಲೋಹದ ಮಾತು ಆ ಊರಿಗೆ ಹೊಸದಲ್ಲ. ಬಿಡಿಭಾಗ ಬೇಕೆಂದರೆ ಮೈಸೂರಿನ ಹಳೇ ಅಂಗಡಿಗಳು, ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲೂ ಇಲ್ಲದಿದ್ದರೆ ದಿಲ್ಲಿಯ ಕರೋಲ್ ಬಾಗ್. ಕಾರ್ಖಾನೆ ಕಾಲದ ಮಾಲು ಮುಗಿಯುತ್ತಾ ಬಂದಂತೆ ಸಣ್ಣ ತಯಾರಕರು ಅದೇ ಅಳತೆಯ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಕೇಬಲ್ ಮಾಡತೊಡಗಿದರು. ಕೆಲವು ಗಟ್ಟಿ, ಕೆಲವು ಕಳಪೆ. ಕೈಯಲ್ಲಿ ಹಿಡಿದು ನೋಡಿ ಹೇಳುವವರಿದ್ದಾರೆ: ‘ಅಣ್ಣ, ಇದು ಬ್ಯಾಡ, ಆರ್ ತಿಂಗ್ಳೂ ಬರಾಕಿಲ್ಲ. ಒಂದ್ ವಾರ ತಡ್ಕೊ, ಒಳ್ಳೇದು ತರುಸ್ಕೊಡ್ತೀನಿ.’ ಮಾರಾಟದ ನಂತರದ ಸೇವೆ ಎಂದರೆ ನನ್ನ ಪಾಲಿಗೆ ಈ ಮಾತೇ. ಅದನ್ನು ಆಡಿದವರಿಗೂ ಆ ಗಾಡಿಯ ಮಾರಾಟಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಪ್ರತಿವರ್ಷ ಜುಲೈನ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ-ಯೆಜ್ಡಿ ದಿನ. ಅಂದು ಮೈಸೂರು, ಬೆಂಗಳೂರಿನಲ್ಲಿ ಮಾಲೀಕರು ಗಾಡಿ ಒರೆಸಿ ತಂದು ಸಾಲಾಗಿ ನಿಲ್ಲಿಸುತ್ತಾರೆ. ಅಲ್ಲಿ ನಡೆಯುವ ಮಾತೆಲ್ಲ ಹೆಚ್ಚಾಗಿ ಎಲ್ಲಿ ಏನು ಸಿಗುತ್ತದೆ, ಯಾರು ಚೆನ್ನಾಗಿ ಮಾಡುತ್ತಾರೆ ಎಂಬುದೇ. ಹೊರೆಯೂ ಇದೆ: ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸಬೇಕು, 2022ರ ಏಪ್ರಿಲ್‌ನಿಂದ ಬೈಕಿಗೆ ಅದರ ಶುಲ್ಕ 300 ರೂಪಾಯಿಯಿಂದ 1,000ಕ್ಕೆ ಏರಿತು. ಅಷ್ಟಾದರೂ ಬಿಡದವರು ಇದ್ದಾರೆ. ಅವರ ಮಮತೆಯನ್ನು ಕಂಡೇ ಇರಬೇಕು, ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ 2018ರ ನವೆಂಬರ್‌ನಲ್ಲಿ ಜಾವಾ ಹೆಸರನ್ನೂ, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನೂ ಹೊಸ ಫೋರ್-ಸ್ಟ್ರೋಕ್ ಬೈಕುಗಳ ಮೇಲೆ ಮತ್ತೆ ತಂದಿತು. ಈಗಿನವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ.

ಈಗ ನನ್ನ ಹೊಸ ಗಾಡಿಯ ವಿಷಯ. ಅದು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಇದೇ ಕಥೆಯನ್ನು ಬೇರೆ ಬೇರೆ ಕಂಪನಿಯ ಗಾಡಿ ಇಟ್ಟುಕೊಂಡ ಸ್ನೇಹಿತರೂ ಹೇಳಿದ್ದಾರೆ. ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಎಲ್ಲ ನೋಡಿಕೊಂಡು ಬರುವಾಗ ಜಡಿಮಳೆ ಹಿಡಿಯಿತು. ಕೆ.ಆರ್. ಪೇಟೆ ಹೊರಗೆ ಮೀಟರಿನಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಎಬಿಎಸ್ ದೀಪವೂ ಹತ್ತಿತು, ಗಾಡಿ ಕೆಮ್ಮಿ ನಿಂತಿತು. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕಿಕ್ಕರ್ ಇಲ್ಲ. ಪಕ್ಕದ ಗ್ಯಾರೇಜಿನ ಹುಡುಗ ಬಂದು ನೋಡಿ ಪ್ರಾಮಾಣಿಕವಾಗಿ ಹೇಳಿದ: ‘ಸಾರ್, ಇದ್ನ ಮುಟ್ಟುದ್ರೆ ನಿಮ್ ವಾರಂಟಿ ಹೋಯ್ತದೆ. ಮೈಸೂರ್ಗೇ ತಗೊಂಡೋಗಿ.’ ಟಾಟಾ ಏಸ್ ಬಾಡಿಗೆಗೆ ಹಿಡಿದು ಐವತ್ತು ಕಿಲೊಮೀಟರಿಗೂ ಮೇಲ್ಪಟ್ಟ ದಾರಿ ಸಾಗಿಸಬೇಕಾಯಿತು.

ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ ಬರೆದರು. ಮಳೆ, ಎರಡು ದೀಪ, ಗಾಡಿ ನಿಂತದ್ದು ಎಲ್ಲ ನಾನು ಹೇಳಿದೆ. ಕಾರ್ಡಿನಲ್ಲಿ ಬಂದದ್ದು ‘ಜನರಲ್ ಚೆಕ್‌ಅಪ್’ ಅಷ್ಟೇ. ಮೊದಲು ಸಾಫ್ಟ್‌ವೇರ್ ಅಪ್‌ಡೇಟ್ ಎಂದರು. ಮನೆಗೆ ತಂದ ಮೇಲೆ ಮತ್ತೆ ಅದೇ. ಆಮೇಲೆ ಸೆನ್ಸರ್ ಎಂದರು, ವೈರಿಂಗ್ ಎಂದರು. ವೈರಿಂಗ್ ಸೆಟ್ ಸ್ಟಾಕ್ ಇಲ್ಲ, ಆರ್ಡರ್ ಹಾಕಿದ್ದೇವೆ, ಕಂಪನಿಯಿಂದ ಬರಬೇಕು ಎಂದರು. ಫೋನ್ ಮಾಡಿದಾಗಲೆಲ್ಲ ಅದೇ ಮಾತು, ಹೇಳುವ ದನಿ ಮಾತ್ರ ಬೇರೆ. ಅಲ್ಲಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕೆಂಬ ಒತ್ತಡ ಅವರ ಮೇಲಿದೆ, ಸ್ಕ್ಯಾನರ್ ತೋರಿಸಿದ ಕೋಡಿನ ಆಚೆ ಹುಡುಕಲು ಅವರಿಗೆ ಸಮಯವನ್ನೂ ಕೊಟ್ಟಿಲ್ಲ. ನನ್ನನ್ನು ನೋಯಿಸಿದ್ದು ಒಬ್ಬ ಮೇಲ್ವಿಚಾರಕರ ಮಾತು: ‘ದಿನಾ ಓಡಿಸೋ ಗಾಡಿ ಅಲ್ವಲ್ಲ ಸಾರ್, ಟೂರಿಂಗ್ ಬೈಕ್ ತಾನೆ, ನಿಧಾನಕ್ಕೆ ಆಗಲಿ ಬಿಡಿ.’ ಸುತ್ತಾಟಕ್ಕೆ ಕೊಂಡದ್ದಾದರೆ ಕೊಟ್ಟ ದುಡ್ಡು ದುಡ್ಡಲ್ಲವೇ? ವಾರವೆಲ್ಲ ದುಡಿದವನಿಗೆ ಸಿಗುವುದು ಒಂದು ಭಾನುವಾರ. ಆ ಭಾನುವಾರಗಳಿಗೂ ಬೆಲೆ ಕಟ್ಟಿಯೇ ಕಂಪನಿ ನನಗೆ ಗಾಡಿ ಮಾರಿದ್ದು.

ತಾಲ್ಲೂಕಿನ ಮಾಲೀಕನ ಕಷ್ಟ ನಗರದವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. ದಿನಬಳಕೆಯ ಬೈಕು, ಸ್ಕೂಟರುಗಳಿಗೆ ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ಡೀಲರ್‌ಗಳು, ಸಬ್ ಡೀಲರ್‌ಗಳು ಇದ್ದಾರೆ. ದೊಡ್ಡ ಬೈಕುಗಳದು ಬೇರೆ ಲೆಕ್ಕ: ಮಾರಾಟ ಕಡಿಮೆ, ಆದ್ದರಿಂದ ಅವುಗಳ ಸರ್ವಿಸ್ ಬಹುಪಾಲು ಮೈಸೂರು ಅಥವಾ ಬೆಂಗಳೂರು. ನಾಗಮಂಗಲದವನಿಗೆ ಒಂದು ಸರ್ವಿಸ್ ಎಂದರೆ ಒಂದು ದಿನದ ಕೂಲಿ ಹೋಯಿತು, ಗಾಡಿ ಬಿಟ್ಟು ಬಸ್ಸಿನಲ್ಲಿ ಬರಬೇಕು, ತರಲು ಮತ್ತೆ ಹೋಗಬೇಕು. ಗಾಡಿ ಕೊಳ್ಳುವಾಗ ಇದನ್ನು ಯಾರೂ ಬೆಲೆಪಟ್ಟಿಯಲ್ಲಿ ಬರೆಯುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಸುತ್ತಾಡುವವರು ಈಗ ನಾಗಮಂಗಲ, ಬೆಳ್ಳೂರು ಕ್ರಾಸ್, ಮೇಲುಕೋಟೆ ಕಡೆಯ ಒಳದಾರಿಗಳನ್ನು ಹಿಡಿಯುವುದು ಹೆಚ್ಚು. ಗಾಡಿ ಓಡುವುದು ಇಲ್ಲಿ, ರಿಪೇರಿಯಾಗುವುದು ಅಲ್ಲಿ.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಬೈಕುಗಳಿಗೆ ಕಾರ್ಬುರೇಟರ್ ಹೋಗಿ ಬಹುಮಟ್ಟಿಗೆ ಇಂಜೆಕ್ಷನ್ ಬಂತು. ಗಾಳಿಗೆ ಒಳ್ಳೆಯದಾಯಿತು. ಆದರೆ ಅದರ ಜೊತೆಗೆ ಎಂಜಿನಿನ ಮಿದುಳು ಇಸಿಯು ಎಂಬ ಮುಚ್ಚಿದ ಪೆಟ್ಟಿಗೆಗೆ ಸೇರಿತು. ಅದನ್ನು ಓದಲು ಸ್ಕ್ಯಾನರ್ ಬೇಕು. ಸಂತೆಯಲ್ಲಿ ಸಿಗುವ ಸ್ಕ್ಯಾನರಿಗೆ ಒಂದಿಷ್ಟು ಕೋಡ್ ಕಾಣುತ್ತದೆ. ಹೊಸ ಭಾಗ ಹಾಕಿ ಅದನ್ನು ಇಸಿಯುಗೆ ಪರಿಚಯಿಸಲು ಕಂಪನಿಯ ಪಾಸ್‌ವರ್ಡ್ ಬೇಕಾಗುತ್ತದೆ. ಬೀಗದ ಕೈ ಕಂಪನಿಯದು, ಬಾಗಿಲು ಮಾತ್ರ ನನ್ನದು. ಹೊಗೆ ಕಡಿಮೆಯಾಗಲು ಇಸಿಯು ಬೇಕಿತ್ತು, ನಿಜ. ಅದರ ವಿವರ ಪುಸ್ತಕವನ್ನು ನಾಗಮಂಗಲದ ಮೆಕ್ಯಾನಿಕ್ಕಿಗೆ ಕೊಡಬಾರದು ಎಂದು ಯಾವ ಹೊಗೆಯ ನಿಯಮವೂ ಹೇಳುವುದಿಲ್ಲ.

ಬೈಕಿಗೇ ಹೀಗಾದರೆ ಕ್ಯಾರವಾನಿನ ಪಾಡು ಇನ್ನೂ ತೊಡಕು. ಈಚೆಗೆ ಮಲಗಲು ಹಾಸಿಗೆ, ಸಿಂಕು, ಫ್ರಿಜ್ಜು ಕೂಡಿಸಿದ ವ್ಯಾನುಗಳು ನಮ್ಮ ರಸ್ತೆಗಳಲ್ಲೂ ಕಾಣುತ್ತಿವೆ. ಇಂಥ ವಾಹನಕ್ಕೆ ನಮ್ಮಲ್ಲಿ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೂ ಇದೆ. ಆದರೆ ಚಾಸಿ ಒಬ್ಬರದು, ಬಾಡಿ ಕಟ್ಟಿದವರು ಇನ್ನೊಬ್ಬರು, ಒಳಗಿನ ಬ್ಯಾಟರಿ ಮತ್ತೊಬ್ಬರದು. ನೀರು ಸೋರಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಅಮೆರಿಕದಲ್ಲಿ ದೋಷದ ವಾಹನ ಮಾರಿದವರನ್ನು ಹಿಡಿಯುವ ‘ಲೆಮನ್ ಲಾ’ 1982ರಲ್ಲಿ ಕನೆಕ್ಟಿಕಟ್ ರಾಜ್ಯದಿಂದ ಶುರುವಾಯಿತು. ಅಲ್ಲೂ ಹಲವು ರಾಜ್ಯಗಳಲ್ಲಿ ಅದು ಇಂಥ ಮನೆ-ಗಾಡಿಯ ಎಂಜಿನ್, ಚಾಸಿಗೆ ಅನ್ವಯಿಸುತ್ತದೆ, ವಾಸದ ಭಾಗಕ್ಕಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಸೆಕ್ಷನ್ ಪ್ರಕಾರ ದೋಷವಿರುವ ವಾಹನಗಳನ್ನು ವಾಪಸ್ ಕರೆಸುವಂತೆ ಸರ್ಕಾರ ಆದೇಶಿಸಬಹುದು. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ಆರಿಸಿಕೊಂಡಿದ್ದಾರೆ. ಅದು ಕಂಪನಿಗಳು ತಾವಾಗಿ ಮಾಹಿತಿ ಹಾಕುವ ಜಾಗ, ಕಟ್ಟುಪಾಡಿನ ಕಾಯ್ದೆಯಲ್ಲ. ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲೇ ವಾಹನದ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ಕೊಡಬೇಕೆಂದು ಮತ ಹಾಕಿದರು. ನಮಗೆ ಬೇಕಾದದ್ದು ಅಂಥದ್ದು.

ನ್ಯಾಯಾಲಯದ ದಾರಿಗೆ ಹೋಗುವವರು ಕೆಲವು ಸಂಗತಿ ತಿಳಿದಿರಬೇಕು. ಒಂದು ಭಾಗ ಕೆಟ್ಟ ಮಾತ್ರಕ್ಕೆ ಇಡೀ ಗಾಡಿ ಬದಲಾಯಿಸಿಕೊಡಿ ಎಂದರೆ ನಿಲ್ಲುವುದಿಲ್ಲ. ಸುಶೀಲ್ ಕುಮಾರ್ ಗಬ್ಗೋತ್ರ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ವಾರಂಟಿಯ ಹೊಣೆ ದೋಷದ ಭಾಗಕ್ಕೆ ಎಂದಿದೆ. ಡೀಲರ್ ಮಾಡಿದ ತಪ್ಪಿಗೆಲ್ಲ ತಯಾರಕರನ್ನು ಹೊಣೆ ಮಾಡಲಾಗದು ಎಂದು ಆಂಟೋನಿಯೊ ಪಾವ್ಲೊ ವಾಜ್ ಪ್ರಕರಣದಲ್ಲಿ 2021ರಲ್ಲಿ ಹೇಳಿದೆ. ಹಾಗಾಗಿ ಕಾಗದ ಗಟ್ಟಿಯಿರಬೇಕು. ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕ್‌ಅಪ್’ ಎಂದು ಬರೆದರೆ ಸಹಿ ಹಾಕಬೇಡಿ. ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರಲಿ. ದೀಪ ಹತ್ತಿದಾಗ ಕಿಲೊಮೀಟರ್ ಸಮೇತ ಮೀಟರಿನ ಫೋಟೊ ತೆಗೆಯಿರಿ. ಗಾಡಿ ಬಿಟ್ಟ ದಿನ, ತಂದ ದಿನ ಬರೆಸಿಕೊಳ್ಳಿ. ದುಡ್ಡು ಕೊಟ್ಟು ಬದಲಾಯಿಸಿದ ಹಳೇ ಭಾಗವನ್ನು ಕೇಳಿ ತೆಗೆದುಕೊಳ್ಳಿ.

ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಕಂಪನಿಯಿಂದ ವಿಷಾದದ ಪತ್ರ ಬಂತು, ವೈರಿಂಗ್ ಸೆಟ್ ಬರಲಿಲ್ಲ. ಈಗ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರಿನ ಕರಡು ಸಿದ್ಧವಾಗಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿ ಎಲ್ಲೇ ಕೊಂಡಿರಲಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ನನಗೆ ಇನ್ನೂ ಸಮಯವಿದೆ. ಹೊಸ ಗಾಡಿ ಕೊಡಿ ಎಂದು ನಾನು ಕೇಳಿಲ್ಲ. ವೈರಿಂಗ್ ಬದಲಾಯಿಸಿಕೊಡಬೇಕು, ಗಾಡಿ ನಿಂತಷ್ಟು ದಿನ ವಾರಂಟಿ ಮುಂದಕ್ಕೆ ಹೋಗಬೇಕು, ಕೆ.ಆರ್. ಪೇಟೆಯಿಂದ ಸಾಗಿಸಿದ ಬಾಡಿಗೆ ಬರಬೇಕು. ಜೊತೆಗೆ, ಈ ಮಾದರಿಯ ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುತ್ತೀರಿ ಎಂದು ಕಂಪನಿ ಬರಹದಲ್ಲಿ ಹೇಳಬೇಕು ಎಂದು ಕೇಳಿದ್ದೇನೆ.